ಕಾಕ್‌ಪಿಟ್ಟಿನಲ್ಲಿ ಸುಸ್ತು

ನಾನು ರಾಯದುರ್ಗದವನು, ವಿಮಾನ ಓಡಿಸುತ್ತೇನೆ. ಊರಲ್ಲಿ ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ "ಅಷ್ಟು ಮ್ಯಾಲೆ ನಿದ್ದಿ ಬಂದ್ರ ಏನ್ ಮಾಡ್ತೀರಿ?" ಅಂತ ಕೇಳುತ್ತಾರೆ. ಬರುತ್ತದೆ. ಬಂದಾಗ ಜನ ಅಂದುಕೊಂಡ ಹಾಗೆ ವಿಮಾನ ಬೀಳುವುದಿಲ್ಲ. ಸಣ್ಣಪುಟ್ಟದ್ದೇನೋ ಆಗುತ್ತದೆ, ಆಗುತ್ತಲೇ ಇರುತ್ತದೆ.

ನಾನಿನ್ನೂ ಕೋ-ಪೈಲಟ್. ಕ್ಯಾಪ್ಟನ್ ಆಗುವ ಸರದಿ ಹತ್ತಿರ ಬಂದಿತ್ತು. ದಣಿದಿದ್ದೇನೆ ಅಂತ ಪೈಲಟ್ ಬಾಯಿಬಿಟ್ಟು ಹೇಳಿದರೆ ಆ ದಿನ ಅವನ ಕೈಗೆ ವಿಮಾನ ಕೊಡುವಂತಿಲ್ಲ, ಅದು ನಿಯಮ. ಹಾಗೆ ಹೇಳಿದವನನ್ನು ಆಮೇಲೆ ಕ್ಯಾಪ್ಟನ್ ಮಾಡುತ್ತಾರೋ ಇಲ್ಲವೋ ಎಂಬುದು ನನ್ನ ಭಯ. ಹಾಗಾಗಿ ಆಕಳಿಸುವುದಕ್ಕೆ ಬಿಟ್ಟರೆ ನಾನು ಬಾಯಿ ತೆರೆದವನಲ್ಲ.

ಇಳಿಯೋರು ಮುಂದಕ್ಕ ಬರ್ರಿ

ನಸುಕಿನಿಂದ ಊರಿಂದೂರಿಗೆ ಹಾರಿ, ಕೊನೆಯದಾಗಿ ಚೆನ್ನೈನಲ್ಲಿ ಇಳಿಯಬೇಕಿತ್ತು. ಪ್ರಯಾಣಿಕರಿಗೆ ನಾಲ್ಕು ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಶುರು ಮಾಡಿದೆ. ನಡುವೆ ತಲೆ ಎಲ್ಲೋ ಹೋಯಿತು, ಬಾಯಿ ಮಾತ್ರ ಬಳ್ಳಾರಿ ಬಸ್ಸು ಹತ್ತಿತು.

"ಇನ್ನೊಂದ್ ಸ್ವಲ್ಪ ಹೊತ್ತಿಗೆ ರಾಯದುರ್ಗ ಬರ್ತೈತ್ರಿ. ಇಳಿಯೋರು ಮುಂದಕ್ಕ ಬರ್ರಿ."

ಪಕ್ಕದಲ್ಲಿದ್ದ ಕ್ಯಾಪ್ಟನ್ನಿಗೆ ಕನ್ನಡ ಬಾರದು. "ಓ, ನಿಮ್ಮ ಭಾಷೆಯಲ್ಲೂ ಹೇಳಿದಿರಾ, ಒಳ್ಳೆಯದು" ಎಂದು ಮೆಚ್ಚಿಕೊಂಡರು.

ಹಿಂದೆ ಕೂತವರಲ್ಲಿ ಒಬ್ಬರಿಗೆ ಮಾತ್ರ ಅರ್ಥವಾಗಿತ್ತು. ಬಳ್ಳಾರಿ ಕಡೆಯ ಹಿರಿಯರೊಬ್ಬರು ಚೀಲ ಹಿಡಿದು ಮುಂದಕ್ಕೆ ಬಂದು ನಿಂತೇಬಿಟ್ಟರಂತೆ. ಗಗನಸಖಿ ಓಡಿ ಬಂದು ಕೂರಿಸಲು ಹೋದರೆ ಅವರಿಗೇ ಆಶ್ಚರ್ಯ.

"ಡ್ರೈವರ್ರೇ ಕರದ್ರಲ್ಲಮ್ಮ!"

ಅಕ್ಷರ ಬಿಡದೆ

ಇನ್ನೊಂದು ದಿನ, ಇನ್ನೊಬ್ಬ ಕ್ಯಾಪ್ಟನ್. ಎಷ್ಟು ಎತ್ತರಕ್ಕೆ ಇಳಿಯಬೇಕು ಅಂತ ಕೆಳಗಿನ ಕಂಟ್ರೋಲ್ ರೂಮಿನವರು ರೇಡಿಯೋದಲ್ಲಿ ಹೇಳಿದರು. ಕ್ಯಾಪ್ಟನ್ ಕೇಳಿಸಿಕೊಂಡಿರುತ್ತಾರೆ ಅಂತ ನಾನು, ನಾನು ಕೇಳಿಸಿಕೊಂಡಿರುತ್ತೇನೆ ಅಂತ ಅವರು. ಮುಖ ಮುಖ ನೋಡಿಕೊಂಡೆವು.

"ಎಷ್ಟಂದ್ರು?"

"ನಾನೂ ನಿಮ್ಮನ್ನ ಅದೇ ಕೇಳೋಣ ಅಂತಿದ್ದೆ."

ಇಂಥ ಹೊತ್ತಿನಲ್ಲಿ ಅಂದಾಜು ಮಾಡಬಾರದು, ನಾಚಿಕೆ ಬಿಟ್ಟು ಕೇಳಬೇಕು. ಕೇಳಿದೆ. ರೇಡಿಯೋದಲ್ಲಿ ಮೊದಲು ಒಂದು ಉದ್ದನೆಯ ಆಕಳಿಕೆ ಬಂತು. ಅದರ ಹಿಂದೆಯೇ ಎತ್ತರ ಬಂತು. ಅವರು ಹೇಳಿದ್ದನ್ನು ಅಕ್ಷರ ಬಿಡದೆ ತಿರುಗಿ ಒಪ್ಪಿಸುವುದು ನಮ್ಮಲ್ಲಿ ಪದ್ಧತಿ.

ನಾನು ಆಕಳಿಕೆಯನ್ನೂ ಸೇರಿಸಿಯೇ ಒಪ್ಪಿಸಿದೆ.

ಹಾಲು ನೋಡ್ತಿರು

ರಜೆ ಸಿಕ್ಕಿತು, ರಾಯದುರ್ಗಕ್ಕೆ ಬಂದೆ. ಅಮ್ಮ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. "ಯಪ್ಪಾ, ಹಾಲಿಟ್ಟೀನಿ, ಸ್ವಲ್ಪ ನೋಡ್ತಿರು" ಅಂದಳು.

ಕಾಕ್‌ಪಿಟ್ಟಿನಲ್ಲಿ ಒಬ್ಬರು ಇನ್ನೊಬ್ಬರಿಗೆ ವಿಮಾನ ಒಪ್ಪಿಸಿದರೆ, ತಗೊಂಡವನು ಗಟ್ಟಿಯಾಗಿ ಹೇಳಬೇಕು. "ಹಾಲು ಈಗ ನನ್ನ ಕೈಯಲ್ಲಿ" ಎಂದೆ. ಕುರ್ಚಿ ಹಾಕಿಕೊಂಡು ಕೂತೆ. ಹಾಲು ಏರಿತು, ನೋಡಿದೆ. ಉಕ್ಕಿತು, ನೋಡಿದೆ. ಒಲೆ ಆರಿಹೋಯಿತು, ಅದನ್ನೂ ನೋಡಿದೆ. ಕಣ್ಣು ತೆರೆದೇ ಇತ್ತು, ದೇವರಾಣೆ. ಕಣ್ಣಿನಿಂದ ಕೈಗೆ ಸುದ್ದಿ ಹೋಗಲಿಲ್ಲ, ಅಷ್ಟೆ.

ಅಮ್ಮ ಓಡಿ ಬಂದು ಗ್ಯಾಸ್ ಬಂದ್ ಮಾಡಿದಳು. "ಅಯ್ಯ ನಿನ್ನ! ಎದುರಿಗೇ ಕುಂತೀಯಲ್ಲೋ, ಯಾಕ ಆರಿಸಲಿಲ್ಲ?"

"ನೋಡ್ತಿರು ಅಂದ್ಯಲ್ಲಮ್ಮ."

ಅಮ್ಮ ಒಲೆ ಒರೆಸಿದಳು. ಆಮೇಲೆ ನನ್ನ ಮುಖವನ್ನೇ ನೋಡಿದಳು. ನನಗೆ ನಗು ಬಂದಿತ್ತು, ಆ ನೋಟಕ್ಕೆ ಹೆದರಿಕೆಯಾಯಿತು.

"ಇಮಾನದಾಗ ನಿನ್ನ ಮಗ್ಗುಲಿಗೆ ಇನ್ನೊಬ್ರು ಇರ್ತಾರಲ್ಲ, ಅವ್ರೂ ನಿನ್ನಂಗ ಏನು? ಅವ್ರ ಮನ್ಯಾಗ ಹಾಲು ಯಾರು ನೋಡ್ತಾರ, ಕೇಳ್ಕಂಡು ಬಾ."

ಸುಸ್ತು

ಅಲ್ಲಿಂದ ಮಡಕಶಿರಾಕ್ಕೆ ಹೋದೆ. ಅದು ನನ್ನ ಮಾವನ ಮನೆ. ಹೆಂಡತಿ ಅಲ್ಲೇ ಒಂದು ಶಾಲೆಯಲ್ಲಿ ಹಿಂದಿ ಟೀಚರ್. ಮಾವ ಬಸ್ ಡ್ರೈವರಾಗಿ ರಿಟೈರಾದವರು. ನನ್ನ ಕೆಂಪು ಕಣ್ಣು ನೋಡಿ ಕೂರಿಸಿಕೊಂಡು ಕೇಳಿದರು:

"ಅಳಿಯಂದ್ರೇ, ನಮಗೆ ತೂಕಡಿಕೆ ಬಂದ್ರೆ ಹುಣಿಸೆ ಮರದ ಕೆಳಗೆ ಬಸ್ಸು ನಿಲ್ಸಿ ಮಖ ತೊಳ್ಕಂತಿದ್ವಿ. ನೀವೆಲ್ಲಿ ನಿಲ್ಲಿಸ್ತೀರ?"

"ಮೇಲೆ ಹೋದ್ಮೇಲೆ ಎಲ್ಲೂ ನಿಲ್ಸಕ್ಕಾಗಲ್ಲ ಮಾವ."

"ಹಂಗಾದ್ರೆ ಹತ್ತೋಕ್ ಮುಂಚೇನೇ ನಿಲ್ಸ್ಬೇಕು ಕಣಪ್ಪ" ಎಂದವರೇ ಕೂತಲ್ಲೇ ಗೊರಕೆ ಹೊಡೆದರು.

ಆಗಲೇ ಫೋನ್ ಬಂತು. ನಮಗೆ ಡ್ಯೂಟಿ ಹಾಕುವ ಅಧಿಕಾರಿ, ಉತ್ತರದ ಕಡೆಯವರು. ಯಾರಿಗೋ ಜ್ವರ, ಸಂಜೆಯ ವಿಮಾನಕ್ಕೆ ಕೂಡಲೇ ಬೆಂಗಳೂರಿಗೆ ಬನ್ನಿ ಎಂದರು. ಅಂದರೆ ಇದೇ ಕಣ್ಣಿಟ್ಟುಕೊಂಡು ಅಷ್ಟೊಂದು ಜನರನ್ನು ಮೇಲಕ್ಕೆ ಎತ್ತಬೇಕು. ಅಮ್ಮನ ಹಾಲು ಕಣ್ಣ ಮುಂದೆ ಉಕ್ಕಿತು. ಕ್ಯಾಪ್ಟನ್‌ಗಿರಿ ಹೋದರೆ ಹೋಗಲಿ, ಇವತ್ತು ಹೇಳಿಯೇ ಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿದೆ.

ಆದರೆ ಅದಕ್ಕಿರುವ ಇಂಗ್ಲಿಷ್ ಪದವೇ ನೆನಪಿಗೆ ಬರಲೊಲ್ಲದು. ದಣಿದಾಗ ಹಾಗೂ ಆಗುತ್ತದೆ. ನಮ್ಮ ಕಡೆ ದಣಿವಿಗೆ ಸುಸ್ತು ಅನ್ನುತ್ತೇವೆ. ಆ ಕಡೆಯಿಂದಲೇ ಬಂದ ಮಾತಲ್ಲವೇ, ಅವರಿಗೆ ಅರ್ಥವಾಗದೆ ಇರುತ್ತದೆಯೇ ಎಂದುಕೊಂಡು ನನ್ನ ಹಿಂದಿಯಲ್ಲಿ ಧೈರ್ಯವಾಗಿ ಹೇಳಿದೆ:

"ಸರ್, ಮೈ ಬಹುತ್ ಸುಸ್ತ್ ಹೂಂ."

ಅವರು ಹಿಂದಿಯಲ್ಲೇ ಮೆಲ್ಲಗೆ ಕೇಳಿದರು, "ಯಾವಾಗಿನಿಂದ?"

"ಬಹಳ ದಿನ ಆಯ್ತು ಸರ್."

"ಮನೆಯಲ್ಲೂ ಹೀಗೇನಾ?"

"ಮನೆಯಲ್ಲೇ ಜಾಸ್ತಿ ಸರ್."

"ನನ್ನ ಸರ್ವೀಸಿನಲ್ಲಿ ಇದನ್ನು ಒಪ್ಪಿಕೊಂಡ ಪೈಲಟ್ ನೀವೊಬ್ಬರೇ. ಬಹಳ ಸಂತೋಷ. ಈಗ ಹೊರಡಿ."

ಇಷ್ಟು ಹೇಳಿಕೊಂಡರೂ ಹೊರಡು ಅಂತಾರಲ್ಲ, ಎಂಥ ಕಲ್ಲು ಮನಸ್ಸು ಎಂದುಕೊಂಡು, ಫೋನ್ ಕಿವಿಗಿಟ್ಟುಕೊಂಡೇ ಶೂ ಹುಡುಕತೊಡಗಿದೆ. ಪಕ್ಕದಲ್ಲಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು.

"ಏನ್ರೀ ನೀವು! ಹಿಂದೀಲಿ ಸುಸ್ತ್ ಅಂದ್ರೆ ಸೋಮಾರಿ ಕಣ್ರೀ. ನಾನು ಮಹಾ ಸೋಮಾರಿ, ಮನೇಲಿ ಇನ್ನೂ ಜಾಸ್ತಿ ಅಂತ ಹೇಳ್ಬಿಟ್ರಲ್ಲ!"

ಫೋನ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು. ನಿದ್ದೆ ಕೆಟ್ಟದ್ದು, ಹಾಲು ಉಕ್ಕಿದ್ದು, ಎಲ್ಲವನ್ನೂ ಪಾಠ ಮಾಡಿದ ಹಾಗೆ ಒಳ್ಳೆಯ ಹಿಂದಿಯಲ್ಲಿ ವಿವರಿಸಿದಳು. ಅಧಿಕಾರಿ ಗಾಬರಿಯಾದರು. "ಅಯ್ಯೋ, ಹಾಗಿದ್ದರೆ ಬರಲೇಬಾರದು ಮೇಡಂ. ಮಲಗಲಿ. ಬೇರೆಯವರನ್ನು ಹಾಕುತ್ತೇನೆ. ಹೀಗೆ ಮುಂಚೆಯೇ ಹೇಳುವವರೇ ನಮಗೆ ಕ್ಯಾಪ್ಟನ್ ಆಗಿ ಬೇಕು" ಎಂದರು. ನನಗೆ ಕಣ್ಣಲ್ಲಿ ನೀರು ಬಂತು.

ಫೋನ್ ಇಡುವ ಮೊದಲು ಅವರಿಗೇನೋ ಅನುಮಾನ. "ಹಾಗಾದರೆ ಮೇಡಂ, ಅವರು ಮೊದಲು ಹೇಳಿದ್ದು ಸುಳ್ಳಾ?"

ಹೆಂಡತಿ ಒಂದು ಸಲ ನನ್ನನ್ನು ನೋಡಿದಳು.

"ಅದೂ ನಿಜಾನೇ ಸರ್. ಆದರೆ ಅದಕ್ಕೆ ರಜೆ ಬೇಡ."