ಮೂರೂವರೆ ಅಡಿ ಓಣಿ

ಮನೆ ಮಾರಲು ಬೇಕಾದ ಕಾಗದಗಳನ್ನೆಲ್ಲ ಕೀಲಿಯಪ್ಪ ಮೂರು ತಿಂಗಳಿಂದ ಒಂದೊಂದಾಗಿ ಕೂಡಿಹಾಕಿದ್ದ. ಕಂದಾಯದ ರಸೀದಿ, ಅಪ್ಪನ ಮರಣಪತ್ರ, ತಂಗಿಯ ಒಪ್ಪಿಗೆ ಪತ್ರ, ಮನೆಯ ಮೇಲೆ ಸಾಲವಿಲ್ಲ ಎನ್ನುವ ದಾಖಲೆ, ಒಂದನ್ನೂ ಬಿಟ್ಟಿರಲಿಲ್ಲ. ಬೀದಿಯವರ ಬೀಗಗಳನ್ನೆಲ್ಲ ರಿಪೇರಿ ಮಾಡಿ ಆ ಹೆಸರು ಸಂಪಾದಿಸಿದ್ದ ಮನುಷ್ಯ. ಯಾವ ಬೀಗವೂ ತನ್ನ ಕೈಯಲ್ಲಿ ಹಟ ಮಾಡುವುದಿಲ್ಲ ಎಂಬ ಸಣ್ಣ ಹೆಮ್ಮೆ ಅವನಿಗಿತ್ತು. ಆ ದಿನ ಬೆಳಗ್ಗೆ ಒಂಬತ್ತಕ್ಕೆ ವಕೀಲರು ಕೇಳಿದ ಕಡೆಯ ಪ್ರಶ್ನೆಗೆ ಮಾತ್ರ ಅವನ ಫೈಲಿನಲ್ಲಿ ಕಾಗದವಿರಲಿಲ್ಲ.

"ಈ ಓಣೀಲಿ ಬೇರೆ ಯಾರಾದ್ರೂ ಓಡಾಡ್ತಾರಾ?"

"ಯಾರೂ ಇಲ್ಲ ಸಾರ್."

"ಸ್ವಲ್ಪ ಸರೀರಿ," ಎಂದಿತು ಹಿಂದಿನಿಂದ ಒಂದು ದನಿ.

ಓಣಿಯ ಅಗಲವೇ ಮೂರೂವರೆ ಅಡಿ. ವಕೀಲರು, ಮನೆ ಕೊಳ್ಳಲು ಬಂದಿದ್ದ ಕನ್ನಡಕದಂಗಡಿಯವರು, ಕೀಲಿಯಪ್ಪ ಮೂವರೂ ಗೋಡೆಗೆ ಅಂಟಿಸಿದ ಪೋಸ್ಟರುಗಳಂತೆ ನಿಂತರು. ಹಿಂದಿನ ಮನೆಯ ಟೀಚರಮ್ಮ ಕೊಡೆ ಹಿಡಿದು, ಕೈಚೀಲ ತೂಗಾಡಿಸುತ್ತ, ಹಾಜರಿ ತೆಗೆದುಕೊಳ್ಳುವವರ ಹಾಗೆ ಮೂವರ ಮುಖವನ್ನೂ ನೋಡಿ ಪೇಪರು ತರಲು ಹೋದರು.

ಕೀಲಿಯಪ್ಪ ಸುಳ್ಳು ಹೇಳಿರಲಿಲ್ಲ. ಓಣಿಯ ಒಂದು ತುದಿಗೆ ಗೇಟು, ಅದರಾಚೆ ದೊಡ್ಡ ಬೀದಿ, ಇನ್ನೊಂದು ತುದಿಗೆ ಟೀಚರಮ್ಮನ ಹಿತ್ತಿಲ ಬಾಗಿಲು, ನಡುವೆ ಅವನ ಬಾಗಿಲು. ಅವರ ಮನೆಯ ಮುಂಬಾಗಿಲು ಹಿಂದಿನ ಬೀದಿಗಿದ್ದರೂ ಅವನಿಗೆ ಬುದ್ಧಿ ಬಂದಾಗಿನಿಂದ ಅವರು ಹೀಗೇ ಓಡಾಡಿಕೊಂಡಿದ್ದರು. ಬರುವ ಗಾಳಿ, ಬೀಳುವ ಬಿಸಿಲನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಹಾಗೆಯೇ ಅವರೂ ಅವನ ಲೆಕ್ಕಕ್ಕೆ ಬಂದಿರಲಿಲ್ಲ.

"ಪತ್ರದಲ್ಲಿ 'ಪೂರ್ವಕ್ಕೆ ಓಣಿ' ಅಂತಷ್ಟೇ ಇದೆ. ಯಾರದ್ದು ಅಂತ ಬರೆದಿಲ್ಲ," ಎಂದರು ಕನ್ನಡಕದಂಗಡಿಯವರು. ಅವರು ಪ್ರತಿ ಹಾಳೆಯನ್ನೂ ಭೂತಗನ್ನಡಿ ಹಿಡಿದು ಓದಿದ್ದರು.

"ನಮ್ದೇ ಸಾರ್. ಗೇಟು ಹಾಕ್ಸಿದ್ದು ನಮ್ಮಪ್ಪ. ಲೈಟು ನಮ್ದು. ಗುಡಿಸೋದೂ ನಾನೇ."

ವಕೀಲರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡರು. "ನೋಡಿ, ಅವರು ಇಪ್ಪತ್ತು ವರ್ಷ ಯಾರನ್ನೂ ಕೇಳದೆ ಓಡಾಡಿದ್ರೆ ಅದು ಹಕ್ಕಾಗತ್ತೆ, ತೆಗೆಯೋಕಾಗಲ್ಲ. ನಿಮ್ಮನ್ನ ಕೇಳ್ಕೊಂಡು ಓಡಾಡಿದ್ರೆ ಬರೀ ಅನುಮತಿ. ಅನುಮತೀನ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು. 'ನಿಮ್ಮ ಅನುಮತಿಯಿಂದ ಓಡಾಡ್ತಿದ್ದೀನಿ' ಅಂತ ಅವರಿಂದ ಒಂದು ಸಾಲು ಬರೆಸ್ಕೊಳ್ಳಿ."

"ಸಾಯಂಕಾಲ ಐದರೊಳಗೆ," ಎಂದು ಸೇರಿಸಿದರು ಕನ್ನಡಕದಂಗಡಿಯವರು. "ಇಲ್ಲಾಂದ್ರೆ ನಾನು ಬೇರೆ ಮನೆ ನೋಡ್ಕೋತೀನಿ."

ಮೇಲಿನ ಕಿಟಕಿಯಿಂದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ಆ ಕಿಟಕಿಯೇ ಪ್ರಪಂಚ. ಕೆಳಗಡೆ ಇರುವುದು ಬೇರೆಯವರ ಗೋದಾಮು. ಇವರದು ಮೇಲಿನ ಮನೆ, ಓಣಿಗೆ ತೆರೆಯುವ ಒಂದೇ ಬಾಗಿಲು, ಒಳಗೆ ಹದಿನಾಲ್ಕು ಕಡಿದಾದ ಮೆಟ್ಟಿಲು. ಮಂಡಿ ನೋವಿನಿಂದ ಅವಳು ಕೆಳಗಿಳಿದು ನಾಲ್ಕು ತಿಂಗಳಾಗಿತ್ತು. ಪಕ್ಕದ ಬೀದಿಯಲ್ಲಿ ನೆಲಮಟ್ಟದ ಒಂದು ಪುಟ್ಟ ಮನೆ ಗೊತ್ತಾಗಿತ್ತು, ಬಾಗಿಲ ಮುಂದೆಯೇ ಬೇವಿನ ಮರ. ಇವತ್ತು ಇದು ಮಾರಿದರೆ ಅದು ಇವರದು. ನಾಳೆಯಾದರೆ ಅದನ್ನು ಕೊಳ್ಳಲು ಇನ್ನೊಬ್ಬರು ಕಾದಿದ್ದರು.

"ಹೋಗಿ ಕೇಳ್ರೀ," ಎಂದಳು ಅವಳು. "ಟೀಚರೇನು ಹುಲೀನಾ?"

ಹುಲಿಯಾಗಿದ್ದರೆ ಕೀಲಿಯಪ್ಪ ಇಷ್ಟು ಹೆದರುತ್ತಿರಲಿಲ್ಲ. ನಾಲ್ಕನೇ ತರಗತಿಯಲ್ಲಿ ಅವರು ಅವನನ್ನು ವರ್ಷದ ಅರ್ಧದಷ್ಟು ದಿನಗಳು ಬಾಗಿಲ ಹೊರಗೇ ನಿಲ್ಲಿಸಿದ್ದರು. 'ಒಳಗೆ ಬರಲಾ ಟೀಚರ್' ಎಂದು ಕೇಳದೆ ನುಗ್ಗುತ್ತಿದ್ದುದು ಅವನ ಅಪರಾಧ.

ಹತ್ತು ಗಂಟೆಗೆ, ವಕೀಲರು ಹೇಳಿದ ಸಾಲು ಬರೆದ ಕಾಗದ ಹಿಡಿದು ಹಿತ್ತಿಲ ಬಾಗಿಲು ತಟ್ಟಿದ. ಟೀಚರಮ್ಮ ಕಾಗದ ತೆಗೆದುಕೊಂಡು, ಕೆಂಪು ಪೆನ್ನು ಹುಡುಕಿ, ನಿಂತಲ್ಲೇ ತಿದ್ದಿದರು.

"ಕಾಗುಣಿತದ ತಪ್ಪು ಮೂರು. ವಿಷಯದ ತಪ್ಪು ಒಂದು."

"ಯಾವುದು ಟೀಚರ್?"

"ಹುಡುಕೋದು ನಿನ್ನ ಕೆಲಸ. ನಾನು ಯಾವತ್ತಾದ್ರೂ ನಿನ್ನ ಅನುಮತಿ ಕೇಳಿದೀನಾ?"

"ಇಲ್ಲ ಟೀಚರ್."

"ಮತ್ತೆ ಸುಳ್ಳು ಬರೀಬಹುದಾ?"

"ಬಾರದು ಟೀಚರ್."

ಗೋಣು ಆಡಿಸಿ ವಾಪಸ್ ಬಂದ ಮೇಲೆ, ತಾನು ಎದುರಾಳಿಯ ವಾದವನ್ನು ಪೂರ್ತಿ ಒಪ್ಪಿಕೊಂಡು ಬಂದಿದ್ದೇನೆಂದು ಅವನಿಗೆ ಹೊಳೆಯಿತು. ಸ್ವಲ್ಪ ಹೊತ್ತಿಗೆ ಟೀಚರಮ್ಮ ಒಳ್ಳೆ ಸೀರೆ ಉಟ್ಟು, ಅದೇ ಓಣಿಯಲ್ಲಿ, ಅವನನ್ನು ನೋಡಿಯೂ ನೋಡದವರಂತೆ ಬಸ್ ಸ್ಟಾಪಿನ ಕಡೆ ಹೋದರು.

ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ ಇಸ್ತ್ರಿಯವನಿಗೆ ಬೇರೆಯವರ ಸುಕ್ಕು ಬಿಡಿಸುವುದೇ ಕಸುಬು. "ಅಣ್ಣಾ, ಅವರು ಬರೆದು ಕೊಡಲ್ಲ. ಬಾಯಲ್ಲಿ ಹೇಳಿಸು. ಗೇಟಿಗೆ ಬೀಗ ಜಡಿ. ಅವರ ಮುಂಬಾಗಿಲಿಗೆ ಒಳಗಿಂದ ಚಿಲಕ ಹಾಕಿರತ್ತೆ. ವಾಪಸ್ ಬಂದಾಗ 'ತೆಗೆಯಪ್ಪಾ, ಹೋಗ್ಲಾ' ಅಂತ ಕೇಳ್ಲೇಬೇಕು. ನೀನು 'ಹೋಗಿ' ಅನ್ನು. ಅಲ್ಲಿಗೆ ಅನುಮತಿ ಆಯ್ತು! ಸಾಕ್ಷಿಗೆ ನಾನಿದೀನಿ."

ಕೀಲಿಯಪ್ಪನ ಮನಸ್ಸು ಒಪ್ಪಲಿಲ್ಲ. ಆದರೆ ಕಿಟಕಿಯಲ್ಲಿ ಹೆಂಡತಿ ಮಂಡಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದುದು ಕಂಡಿತು. ಒಳ್ಳೆಯ ಗಟ್ಟಿ ಬೀಗವೊಂದನ್ನು ತಂದು, ಹುಟ್ಟಿದಾಗಿನಿಂದ ಬೀಗ ಕಾಣದ ಗೇಟಿಗೆ ಹಾಕಿದ.

ಸಾಕ್ಷಿಗೆ ಒಬ್ಬನೇ ಸಾಲದೆಂದು ಇಸ್ತ್ರಿಯವನು ಪರಿಚಯದವರಿಗೆಲ್ಲ ಹೇಳಿಬಿಟ್ಟ. ನಾಲ್ಕು ಗಂಟೆಗೆ ಟೀಚರಮ್ಮ ಬಸ್ಸಿಳಿದು ಬಂದಾಗ ಗೇಟಿನ ಮುಂದೆ ಅರ್ಧ ಬೀದಿ ನೆರೆದಿತ್ತು. ಅವರು ಬೀಗ ನೋಡಿದರು. ಕೀಲಿಯಪ್ಪನನ್ನು ನೋಡಿದರು. ಅವರು ಏನೂ ಕೇಳಲಿಲ್ಲ. ಇಸ್ತ್ರಿಯವನ ಸ್ಟೂಲನ್ನು ಎಳೆದುಕೊಂಡು ಕೂತು ಬೆಳಗಿನ ಪೇಪರು ಬಿಡಿಸಿದರು.

ನಾಲ್ಕೂಕಾಲಾಯಿತು, ನಾಲ್ಕೂಮುಕ್ಕಾಲಾಯಿತು. ಪೇಪರಿನ ಒಂದೊಂದೇ ಪುಟ ತಿರುಗಿತು. "ಟೀಚರ್, ಒಂದೇ ಒಂದು ಮಾತು ಕೇಳ್ಬಿಡಿ," ಎಂದು ಕೀಲಿಯಪ್ಪ ಅಂಗಲಾಚಿದ. ಅನುಮತಿ ಕೇಳಿ ಎಂದು ಅನುಮತಿ ಕೊಡುವವನೇ ಬೇಡಿಕೊಳ್ಳುವುದನ್ನು ಬೀದಿ ಮೊದಲ ಸಲ ನೋಡಿತು. ಯಾರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಅವರ ಹಳೇ ವಿದ್ಯಾರ್ಥಿಗಳು.

ಐದಕ್ಕೆ ವಕೀಲರೂ ಕನ್ನಡಕದಂಗಡಿಯವರೂ ಬಂದರು. ಆಗ ಟೀಚರಮ್ಮ ಪೇಪರು ಮಡಿಸಿದರು.

"ವಕೀಲರೇ, ಅನುಮತಿಯಿಂದ ಓಡಾಡಿದೋರಿಗೆ ಎಷ್ಟು ವರ್ಷ ಆದ್ರೂ ಹಕ್ಕು ಬರಲ್ಲ, ಅಲ್ವಾ?"

"ಬರಲ್ಲ ಮೇಡಂ!" ವಕೀಲರ ಮುಖ ಅರಳಿತು. ಕೀಲಿಯಪ್ಪನಿಗೂ ಜೀವ ಬಂತು. ಕೊನೆಗೂ ಒಪ್ಪಿದರು!

"ಅಂಥೋರು ತಮ್ಮ ಮನೆ ಮಾರಿದ್ರೆ, ಕೊಂಡೋರಿಗೆ ಆ ಅನುಮತಿ ಹೋಗತ್ತಾ?"

"ಇಲ್ಲವೇ ಇಲ್ಲ. ಯಾರಿಗೆ ಕೊಟ್ಟಿದ್ರೋ ಅವರಿಗಷ್ಟೇ."

ಟೀಚರಮ್ಮ ಕೈಚೀಲದಿಂದ ಹಳದಿಗಟ್ಟಿದ ಎರಡು ಕಾಗದ ತೆಗೆದರು. "ಬ್ಯಾಂಕ್ ಲಾಕರಲ್ಲಿತ್ತು. ಇವನು ಬೆಳಗ್ಗೆ ಕೇಳಿದ್ನಲ್ಲ, ಹೋಗಿ ತಂದೆ."

ಒಂದು, ಅವರ ಮನೆಯ ಪತ್ರ. ಕನ್ನಡಕದಂಗಡಿಯವರು ಭೂತಗನ್ನಡಿ ಇಟ್ಟು ನಕ್ಷೆ ನೋಡಿದರು, ತಲೆಯೆತ್ತಿ ಕೀಲಿಯಪ್ಪನನ್ನು ನೋಡಿದರು. ಮೂರೂವರೆ ಅಡಿ ಓಣಿ, ಗೇಟಿನವರೆಗೂ, ಟೀಚರಮ್ಮನದು. ಇನ್ನೊಂದು ಕೀಲಿಯಪ್ಪನ ಅಪ್ಪನ ಕೈಬರಹ: 'ನನಗೂ ನನ್ನ ಮನೆಯವರಿಗೂ ತಮ್ಮ ಓಣಿಯಲ್ಲಿ ಓಡಾಡಲು, ಗೇಟು ಹಾಕಿಸಿಕೊಳ್ಳಲು ದಯವಿಟ್ಟು ಅನುಮತಿ ಕೊಡಬೇಕು.' ಕೆಳಗೆ ಕೆಂಪು ಶಾಯಿಯಲ್ಲಿ: 'ಕೊಟ್ಟಿದೆ.'

ಕನ್ನಡಕದಂಗಡಿಯವರು ಭೂತಗನ್ನಡಿಯನ್ನು ಜೇಬಿಗಿಟ್ಟರು. "ದಾರೀನೇ ಇಲ್ಲದ ಮನೇನ ತಗೊಂಡು ನಾನೇನು ಹಾರಿಕೊಂಡು ಹೋಗ್ಲಾ?" ಎಂದು ಹೊರಟರು. ವಕೀಲರು ಅವರ ಹಿಂದೆಯೇ ಹೋದರು. ಇಸ್ತ್ರಿಯವನಿಗೆ ಇದ್ದಕ್ಕಿದ್ದಂತೆ ಬಹಳ ಕೆಲಸ ಬಂತು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಟೀಚರ್?" ಎಂದು ಕೇಳಿದ ಕೀಲಿಯಪ್ಪ.

"ನಿಮ್ಮಪ್ಪ ಬೇಡ ಅಂದಿದ್ರು. ಮಗ ಸ್ವಂತ ಓಣಿ ಅಂದ್ಕೊಂಡು ತಲೆಯೆತ್ತಿ ಓಡಾಡ್ಲಿ ಅಂತ." ಅವರು ಮೇಲೆ ಕಿಟಕಿಯ ಕಡೆ ನೋಡಿದರು. ಅಲ್ಲಿ ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಇವಳ ಮಂಡಿ ವಿಷ್ಯ ನಂಗೊತ್ತು. ಬೆಳಗ್ಗೆ 'ಸಹಾಯ ಮಾಡಿ ಟೀಚರ್' ಅಂತ ಬಂದಿದ್ರೆ ಓಣೀನೂ ಸೇರಿಸಿ ಬರ್ದುಕೊಡ್ತಿದ್ದೆ. ನೀನು ನನ್ನ ಓಣಿಗೆ ನನಗೇ ಅನುಮತಿ ಕೊಡೋಕೆ ಬಂದೆ. ಆಮೇಲೆ ಬೀಗಾನೂ ಹಾಕ್ದೆ."

ಅವರು ಕೈ ಚಾಚಿದರು. ಕೀಲಿಯಪ್ಪ ಬೀಗದ ಕೈಯನ್ನು ಆ ಅಂಗೈಯಲ್ಲಿಟ್ಟ. ಟೀಚರಮ್ಮ ಗೇಟು ತೆಗೆದು ಒಳಗೆ ಹೋದರು. ಅವನಿಗೆ ಕಾಲೆತ್ತಿಡಲು ಧೈರ್ಯ ಬರಲಿಲ್ಲ. ಮೇಲೆ ಹೆಂಡತಿ, ನಡುವೆ ಹದಿನಾಲ್ಕು ಮೆಟ್ಟಿಲು, ಅದಕ್ಕೂ ಮೊದಲು ಈ ಗೇಟು. ಐವತ್ತರ ಗಂಡಸು ಕೈಕಟ್ಟಿ ನಿಂತ.

"ಒಳಗೆ ಬರಲಾ ಟೀಚರ್?"

ಟೀಚರಮ್ಮ ತಿರುಗಿ ನೋಡಿದರು.

"ಇವತ್ತು ಬಾ," ಎಂದರು. "ನಾಳೆ ಕಾಗದದಲ್ಲಿ ಬರ್ಕೊಂಡು ಬಾ. ತಪ್ಪಿಲ್ಲದೆ."