ಬೀರುವಿನ ಕೀಲಿಗೆ ಬಹುಮತ

ನಮ್ಮ ಮನೆಯಲ್ಲಿ ಪ್ರಜಾಪ್ರಭುತ್ವ ಕಣ್ಮುಚ್ಚಿದೆ ಸ್ವಾಮಿ! ಬೀರುವಿನ ಕೀಲಿ ನನ್ನ ಜೇಬಿನಿಂದ ಹೆಂಡತಿ ರಾಣಿಯ ಸೊಂಟಕ್ಕೆ ಹಸ್ತಾಂತರಗೊಂಡಿದೆ. ತಪ್ಪು ನನ್ನದಲ್ಲ, ಟೀವಿಯದು. ಕೋಟು ತೊಟ್ಟ ತಜ್ಞನೊಬ್ಬ, "ಈ ಷೇರು ಈಗ ತಗೊಳ್ಳದಿದ್ದರೆ ಜೀವಮಾನವೆಲ್ಲ ಅಳುತ್ತೀರಿ" ಎಂದು ಅಬ್ಬರಿಸಿದ. ತಗೊಂಡೆ. ಈಗ ತಗೊಂಡು ಅಳುತ್ತಿದ್ದೇನೆ. ಆ ಕಂಪನಿ ಮುಳುಗಿದ ದಿನ ಅದೇ ಚಾನೆಲ್ಲಿನವರು ಬಾವಿಗೆ ಬಿದ್ದ ಬೆಕ್ಕನ್ನು ಮೇಲೆತ್ತುವುದನ್ನು ಸಂಜೆಯವರೆಗೂ ನೇರಪ್ರಸಾರ ಮಾಡಿದರು. (ಬೆಕ್ಕು ಬದುಕಿತು. ಸಂತೋಷ.)

"ಹಣಕಾಸು ಖಾತೆ ವಾಪಸ್ ಕೊಡು" ಎಂದೆ.

"ಆ ಕೋಟಿನವ್ನ ಕೇಳೋಗ್ರಿ, ಕೊಟ್ಟಾನು" ಎಂದಳು ರಾಣಿ.

"ಹಾಗಾದರೆ ಭಾನುವಾರ ಊಟಕ್ಕೆ ಮೊದಲು ವಿಶ್ವಾಸಮತ! ಕೈ ಎತ್ತಿ ಓಟು. ಗೆದ್ದವರಿಗೆ ಕೀಲಿ."

"ಆಗ್ಲಿ ಬುಡಿ" ಎಂದಳು, ಒಗ್ಗರಣೆಗೆ ಸಾಸಿವೆ ಹಾಕುತ್ತಾ. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಸದನದ ಬಲ ಮೂರು: ನಾನು, ರಾಣಿ, ನನ್ನ ತಾಯಿ ಪುಟ್ಟಮಲ್ಲಮ್ಮ. ಅವ್ವ ಯಾರ ಕಡೆಯೋ ಅವರಿಗೆ ಕೀಲಿ. ನಾನೇನು ದಡ್ಡನೇ? ಎಲೆ-ಅಡಿಕೆ ನಡುವೆ ಒಂದು ಗರಿಗರಿ ನೋಟು ಮಡಿಸಿಟ್ಟು ಅವ್ವನ ಕೈಗೆ ತುರುಕಿದೆ. ಜೊತೆಗೆ ಬೆಟ್ಟದ ದೇವರು ಮಾದಪ್ಪನ ಮೇಲೆ ಆಣೆ ಹಾಕಿಸಿಕೊಂಡೆ. ನಮ್ಮ ಹನೂರಿನ ಕಡೆ ಮಾದಪ್ಪನಾಣೆ ಎಂದರೆ ಮುಗಿಯಿತು. ಮಂತ್ರಿಗಳ ಪ್ರಮಾಣವಚನಕ್ಕಿಂತ ಅದು ಹೆಚ್ಚು ಬಾಳಿಕೆ ಬರುತ್ತದೆ.

"ಮಾದಪ್ಪನಾಣೆಗೂ ನಿಂಗೇ ಕನ್ ಮಗ ನನ್ ಓಟು" ಎಂದಳು ಅವ್ವ. ನನಗೆ ಆನಂದಬಾಷ್ಪ!

ಶನಿವಾರ ಬೆಳಿಗ್ಗೆ ರಾಣಿ ಬಂದು, "ರೀ, ಅತ್ತೆ ಬೆಟ್ಟಕ್ ಓಗ್ಬೇಕು ಅಂತಾವ್ರೆ. ಕರ್ಕಂಡೋಗಿ ನಾಳ ಬಂದ್ಬುಡ್ತೀನಿ" ಎಂದಳು.

ಆಹಾ, ಮಗನ ಗೆಲುವಿಗೆ ಹರಕೆ ಹೊರಲು ಹೆತ್ತತಾಯಿ ಹೊರಟಿದ್ದಾಳೆ! ಬಸ್‌ಸ್ಟ್ಯಾಂಡಿಗೆ ಓಡಿ, ನೂಕುನುಗ್ಗಲಿನಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ನಾನೇ ಸೀಟು ಹಿಡಿದುಕೊಟ್ಟೆ. ಹೆಂಗಸರಿಗೆ ಬಸ್ಸೂ ಫ್ರೀ. ನಗುತ್ತಾ ಕೈ ಬೀಸಿದೆ.

ಸಂಜೆ ಟೀವಿ ಹಾಕಿದರೆ ಯಾವುದೋ ಪಕ್ಷದವರು ಶಾಸಕರನ್ನೆಲ್ಲ ರೆಸಾರ್ಟಿನಲ್ಲಿ ಕೂಡಿಹಾಕಿದ್ದರು. "ಥೂ, ಮಾನಗೆಟ್ಟವರು!" ಎಂದು ಬೀದಿಗೆ ಕೇಳುವಂತೆ ಉಗಿದೆ.

ಜಗಲಿಯಿಂದ ಪಕ್ಕದ ಮನೆ ಚಿಕ್ಕನಿಂಗಮ್ಮ (ನಮ್ಮ ಬೀದಿಯ ಬ್ರೇಕಿಂಗ್ ನ್ಯೂಸ್) ಕೂಗಿದಳು: "ಅಲ್ಲ ಕಣಣ್ಣಾ, ನಿನ್ ಓಟು ಬೆಟ್ಟದ ಲಾಡ್ಜ್‌ನಲ್ ಮನಗ್ಯದೆ, ನೀನು ಯಾರ್ನೋ ಉಗೀತಾ ಕುಂತಿದ್ದಯ್ಯಲ್ಲಾ!"

ಟೀವಿ ಆರಿಸಿದೆ. ಫೋನ್ ಮಾಡಿದೆ, ರಾಣಿಯದು ಸ್ವಿಚ್ ಆಫ್! ಅಯ್ಯಯ್ಯೋ, ನನ್ನ ಮತದಾರಳನ್ನು ನಾನೇ ಸೀಟು ಹಿಡಿದು ಎದುರಾಳಿಯ ರೆಸಾರ್ಟಿಗೆ ಹತ್ತಿಸಿದ್ದೆ! ಆದರೂ ಆಣೆ ಇದೆಯಲ್ಲ, ಹೆದರಿಕೆ ಯಾಕೆ ಎಂದು ಸಮಾಧಾನ ಮಾಡಿಕೊಂಡು, ಉಳಿದ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ತಿಂದು ಮಲಗಿದೆ.

ಭಾನುವಾರ ಮಧ್ಯಾಹ್ನ ಇಬ್ಬರೂ ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದರು. ರಾಣಿ ಒಲೆ ಮೇಲೆ ಸಾರಿಟ್ಟು ಬಂದ ಮೇಲೆ ಸದನ ಸೇರಿತು. "ಕೀಲಿ ನನಗೆ ಎನ್ನುವವರು ಕೈ ಎತ್ತಿ!" ಎಂದು ಗುಡುಗಿದೆ. ಎದ್ದ ಕೈ ನನ್ನದೊಂದೇ.

"ರಾಣಿಗೆ?"

ರಾಣಿ ಕೈ ಎತ್ತಿದಳು. ಅವ್ವ ಎರಡು ಕೈ ಎತ್ತಿದಳು.

"ಅವ್ವಾ! ಮಾದಪ್ಪನಾಣೆ ಮಾಡಿದ್ಯಲ್ಲವ್ವಾ!"

"ಅದ್ಕೇ ಅಲ್ವಾ ಬೆಟ್ಟಕ್ ಓಗಿದ್ದು? ತಪ್ಪಾಯ್ತು ಕನಪ್ಪಾ, ಮಗನ್ ಮಕ ನೋಡಿ ಆಣೆ ಮಾಡ್ಬುಟ್ಟಿ, ಬುಟ್ಕೊಡು ಅಂತ ಅಡ್ಬಿದ್ದು ತಪ್ಪುಕಾಣ್ಕ ಆಕ್ಬುಟ್ಟು ಬಂದಿ."

"ಕಾಣಿಕೆಗೆ ದುಡ್ಡು?"

"ಎಲಡ್ಕ ಒಳ್ಗ ನೀನೇ ಮಡುಗಿದ್ಯಲ್ಲ ಮಗ."

ಸರ್ಕಾರ ಉರುಳಿತು. ಅಡುಗೆಮನೆಯಿಂದ ಅವರೆಕಾಳು ಸಾರಿನ ಘಮ ಬರುತ್ತಿತ್ತು. ಸೋತ ಪಕ್ಷಕ್ಕೆ ಮುದ್ದೆ ಉಂಟೋ ಇಲ್ಲವೋ ಎಂಬುದು ಯಾವ ಸಂವಿಧಾನದಲ್ಲೂ ಬರೆದಿಲ್ಲ. ಕೂಡಲೇ ಆತ್ಮಸಾಕ್ಷಿಯ ಕರೆಗೆ ಓಗೊಟ್ಟು ಪಕ್ಷಾಂತರ ಮಾಡಿದೆ. "ರಾಣಿ, ಇನ್ನು ಮೇಲೆ ನಾನೂ ನಿನ್ನ ಕಡೆಯೇ!"

"ನಿಮ್ಮ ಎಂಗ್ರಿ ನಂಬೋದು? ಮಾದಪ್ಪನಾಣೆ ಮಾಡಿ ಮತ್ತೆ" ಎಂದಳು ರಾಣಿ.

ಅವ್ವ ತಟ್ಟೆ ಎಳೆದುಕೊಳ್ಳುತ್ತಾ ತಡೆದಳು: "ಬ್ಯಾಡ ಕವ್ವಾ, ಪಾಪ. ನಾಳ ಆಣೆ ಮುರುದ್ರ ಕಾಣ್ಕ ಆಕಕ್ಕ ಇವನ್ ತಾವ ಕಾಸೆಲ್ಲಿದ್ದದು?"