ಕಬ್ಬಿಣದ ತೋಟದ ಕಾವಲು

"ಏನನ್ನೂ ಮುಟ್ಬೇಡಿ" ಎಂದು ಹೇಳಿ ಹೆಂಡತಿ ಆಸ್ಪತ್ರೆಯ ಕೆಲಸಕ್ಕೆ ಹೊರಟುಬಿಟ್ಟಳು. ಗಂಡಾಂತರವೆಲ್ಲ ಶುರುವಾದದ್ದು ಈ ಒಂದು ಮಾತಿನಿಂದ. ಮುಟ್ಟಿ ಎಂದಿದ್ದರೆ ಪುಕ್ಕಣ್ಣ ಖಂಡಿತ ಮುಟ್ಟುತ್ತಿರಲಿಲ್ಲ. ಮುಟ್ಟಬೇಡಿ ಎಂದ ಮೇಲೆ ಅವನ ಬೆರಳುಗಳಿಗೆ ಇರುವೆ ಹತ್ತಿದ ಹಾಗಾಯಿತು.

ಪುಕ್ಕಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವುದು ಅವನ ಕೆಲಸ. ಸದಾ ಒಡೆಯುವ ವಸ್ತುವನ್ನೇ ಹಿಡಿದವನಿಗೆ ಲೋಕವೆಲ್ಲ ಒಡೆಯುವ ವಸ್ತುವಾಗಿಯೇ ಕಾಣುತ್ತದೆ. ಕುಕ್ಕರು ಕೂಗಿದರೆ ಬೆಚ್ಚುತ್ತಿದ್ದ, ಕೂಗದಿದ್ದರೆ ಇನ್ನೂ ಹೆಚ್ಚು ಬೆಚ್ಚುತ್ತಿದ್ದ. ದೇವರ ಮುಂದೆ ನಿಂತರೂ ಏನನ್ನೂ ಬೇಡುತ್ತಿರಲಿಲ್ಲ; ಬೇಡಿದ್ದನ್ನು ದೇವರು ಕೊಟ್ಟೇಬಿಟ್ಟರೆ ಅದನ್ನು ಕಾಯುವವರು ಯಾರು ಎಂಬ ಚಿಂತೆ.

ಅಂದು ಅಂಗಡಿಗೆ ವಾರದ ರಜೆ. ಹೆಂಡತಿ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಹೋಗಿದ್ದಳು. ಪರದೆಯ ತುಂಬ ಇಟ್ಟಿಗೆಯಂಥ ಚೌಕಗಳಿಂದ ಕಟ್ಟಿದ ಒಂದು ಲೋಕ: ಚೌಕದ ಮರ, ಚೌಕದ ಮೋಡ, ಸೂರ್ಯನೂ ಚೌಕ. ಈ ಆಟದ ಲೋಕದೊಳಗೆ ಅವಳೂ ಬೇರೆ ಊರಿನಲ್ಲಿದ್ದ ಅವಳ ಅಕ್ಕನೂ ಜೊತೆಯಾಗಿ ಬಾಳುವೆ ಮಾಡುತ್ತಿದ್ದರು. ಅಕ್ಕ ಅಲ್ಲಿ ರೈಲುಹಳಿ ಹಾಕುತ್ತಿದ್ದಳು. ಹಳಿಗೆ ಬೇಕಾದ ಕಬ್ಬಿಣ ತಂಗಿಯ ತೋಟದಿಂದ ಹೋಗಬೇಕು.

ತೋಟವೆಂದರೆ ಗಿಡಮರದ ತೋಟವಲ್ಲ. ಗಾಜಿನ ಕೋಣೆಯೊಂದರಲ್ಲಿ ಮೂವರು ಹಳ್ಳಿಗರು. ಎದುರಿಗೆ ಕತ್ತಲೆ ಗೂಡಿನಲ್ಲಿ ಒಂದು ಹಸಿರು ಪಿಶಾಚಿ. ಅದು ಗುರ್ ಎಂದು ಕೈ ಚಾಚಿದರೆ ಹಳ್ಳಿಗರು ಗಡಗಡ ನಡುಗುತ್ತಾರೆ. ನಡುಗಿದವರನ್ನು ಕಾಪಾಡಲೆಂದು ಕಬ್ಬಿಣದ ದೈತ್ಯನೊಬ್ಬ ಪ್ರತ್ಯಕ್ಷನಾಗುತ್ತಾನೆ. ಪಾಪ, ಕಣ್ಣು ಬಿಡುವಷ್ಟರಲ್ಲಿ ಕಾಲಡಿಯ ನೀರು ಅವನನ್ನು ಕೊಚ್ಚಿಕೊಂಡು ಹೋಗಿ ಬೆಂಕಿಯ ಕುಂಡಕ್ಕೆ ಕೆಡವುತ್ತದೆ. ಅವನು ಕರಗಿ, ಕಬ್ಬಿಣದ ಗಟ್ಟಿಗಳಾಗಿ ಕೆಳಗಿನ ಪೆಟ್ಟಿಗೆಗೆ ಬೀಳುತ್ತಾನೆ. ಮತ್ತೆ ನಡುಕ, ಮತ್ತೆ ದೈತ್ಯ. ಉಳುವವರಿಲ್ಲ, ಬಿತ್ತುವವರಿಲ್ಲ, ಹೆದರಿಕೆಯೇ ಬೀಜ, ಹೆದರಿಕೆಯೇ ಗೊಬ್ಬರ.

"ಈ ಮೂವರೂ ಹೆದರ್ತಾ ಇರ್ಬೇಕು, ಅಷ್ಟೆ" ಎಂದಿದ್ದಳು ಹೆಂಡತಿ. "ಆಗಾಗ ಮೌಸ್ ಒಂಚೂರು ಅಲ್ಲಾಡಿಸಿ. ಇಲ್ದಿದ್ರೆ ಆಟ ನಮ್ಮನ್ನ ಹೊರಗೆ ಹಾಕುತ್ತೆ, ತೋಟ ನಿಂತುಹೋಗುತ್ತೆ. ಸಂಜೆಯೊಳಗೆ ಪೆಟ್ಟಿಗೆ ತುಂಬಿರ್ಬೇಕು. ಅಕ್ಕಂಗೆ ಮಾತು ಕೊಟ್ಟಿದ್ದೀನಿ."

"ತುಂಬದೆ ಹೋದ್ರೆ?"

"ನೀವೇ ಅಕ್ಕಂಗೆ ಫೋನ್ ಮಾಡಿ ಹೇಳ್ಬೇಕು."

ಮದುವೆಯಾದಂದಿನಿಂದ ಪುಕ್ಕಣ್ಣ ಆ ಅಕ್ಕನ ಎದುರು ಕೂತವನಲ್ಲ. ಫೋನಿನಲ್ಲಿ ಅವಳ ದನಿ ಕೇಳಿದರೂ ಎದ್ದು ನಿಲ್ಲುತ್ತಿದ್ದ.

ಹಾಗಾಗಿ ಅವನು ಉಸಿರು ಬಿಗಿಹಿಡಿದು ಕಾದ. ಪಿಶಾಚಿ ಗುರ್ ಎಂದಾಗಲೆಲ್ಲ ಹಳ್ಳಿಗರ ಜೊತೆ ತಾನೂ ನಡುಗಿ, ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡ. ಗಾಜಿನಾಚೆ ಮೂವರು, ಗಾಜಿನೀಚೆ ಒಬ್ಬ. ಈಚೆಯವನಿಂದ ಕಬ್ಬಿಣ ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಪುಕ್ಕಣ್ಣ ಚೀರಿದ.

"ನಾನು ಕಣೋ!" ಎಂದು ಎದುರುಮನೆಯ ದೊಡ್ಡಮ್ಮ ಒಳಗೆ ಬಂದಳು. "ಯಾರೋ ನರಳಿದ್ ಹಾಗಿತ್ತು. ಹೊಟ್ಟೆನೋವಾ?"

ದೊಡ್ಡಮ್ಮನ ಕರುಣೆ ಬೀದಿಗೆಲ್ಲ ಗೊತ್ತಿದ್ದದ್ದೇ. ಅವಳ ಕರುಣೆಗೆ ಸಿಕ್ಕಿದ ಕುಂಡದ ಗಿಡಗಳು ನೀರು ಹೆಚ್ಚಾಗಿ ಕೊಳೆತಿದ್ದವು. ಅವಳು ಪರದೆಗೆ ಮೂಗು ಹಚ್ಚಿ ನೋಡಿದಳು.

"ಅಯ್ಯೋ ದೇವರೇ, ಈ ಬಡಪಾಯಿಗಳನ್ನ ಯಾಕೋ ಕೂಡಿಹಾಕಿದೀಯ?"

"ಅವರು ಹೆದರ್ಬೇಕು ದೊಡ್ಡಮ್ಮ. ಅದೇ ಅವರ ಕೆಲಸ."

"ಹೋಗ್ಲಿ, ಆ ಹಸಿರು ಕೂಸೇನು ಮಾಡಿತ್ತು? ಗಾಳಿಯಿಲ್ಲ, ಬೆಳಕಿಲ್ಲ. ಹಾಗೆ ಕತ್ತಲಲ್ಲಿ ತುರುಕಿದ್ರೆ ನಾನೂ ಗುರ್ ಅಂತೀನಿ. ಆ ಮೇಲಿನ ಕಲ್ಲೊಂದು ತೆಗಿ."

"ಮುಟ್ಬೇಡಿ ಅಂತ ಹೇಳಿಹೋಗಿದಾಳೆ..."

"ಹೆಂಡ್ತಿ ಮಾತು ದೊಡ್ಡದೋ, ದೊಡ್ಡೋರ ಮಾತು ದೊಡ್ಡದೋ?"

ಪುಕ್ಕಣ್ಣನಿಗೆ ಎರಡೂ ದೊಡ್ಡವೇ. ಆದರೆ ಹೆಂಡತಿ ದೂರದಲ್ಲಿದ್ದಳು, ದೊಡ್ಡಮ್ಮ ಭುಜದ ಮೇಲೆ ಕೈಯಿಟ್ಟಿದ್ದಳು. ಹತ್ತಿರದ ಭಯ ಗೆದ್ದಿತು. ಅವನು ಕಣ್ಣು ಮುಚ್ಚಿಕೊಂಡು ಗೂಡಿನ ಮೇಲಿನ ಕಲ್ಲು ಕಿತ್ತ.

ಬಿಸಿಲ ಕೋಲೊಂದು ಗೂಡಿನೊಳಕ್ಕೆ ಇಳಿಯಿತು. ಪಿಶಾಚಿ ಒಣಹುಲ್ಲಿನ ಮೆದೆಯ ಹಾಗೆ ಭಗ್ಗೆಂದು ಹೊತ್ತಿಕೊಂಡು, ಒಂದೆರಡು ಸಲ ಕುಣಿದು, ಹೊಗೆಯಾಗಿ ಹೋಯಿತು. ಹಳ್ಳಿಗರ ನಡುಕ ನಿಂತಿತು. ಅವರು ಕೈಕಟ್ಟಿಕೊಂಡು "ಹ್ಞೂಂ" ಎಂದು ಒಬ್ಬರ ಮುಖ ಒಬ್ಬರು ನೋಡಿದರು. ದೈತ್ಯ ಬರಲಿಲ್ಲ.

"ನೋಡು, ಎಷ್ಟು ನೆಮ್ಮದಿಯಾಗಿದಾರೆ! ನಿಂಗೆ ಪುಣ್ಯ ಬಂತು" ಎಂದು ದೊಡ್ಡಮ್ಮ ಹೊರಟುಹೋದಳು.

ಪುಕ್ಕಣ್ಣನ ಎದೆಯೊಳಗೆ ಯಾರೋ ಅವಲಕ್ಕಿ ಕುಟ್ಟತೊಡಗಿದರು. ಪೆಟ್ಟಿಗೆ ಕಾಲುಭಾಗವೂ ತುಂಬಿರಲಿಲ್ಲ. ಪಿಶಾಚಿಯ ಕೆಲಸವನ್ನು ತಾನೇ ಮಾಡಿದರಾಯಿತೆಂದು ಆಟದೊಳಗಿನ ಹೆಂಡತಿಯ ಬೊಂಬೆಯನ್ನು ಗಾಜಿನ ಎದುರು ಕುಣಿಸಿದ, ಹಾರಿಸಿದ. ಕಡೆಗೆ ಪರದೆಗೆ ಬಾಯಿಟ್ಟು "ಹೋ!" ಎಂದು ಕೂಗಿದ. ಹಳ್ಳಿಗರು ಅಳಿಯನನ್ನು ನೋಡುವ ಮಾವಂದಿರ ಹಾಗೆ ತಣ್ಣಗೆ ನೋಡಿದರು.

ಕೂಗಿಗೆ ಬಂದದ್ದು ಮಹಡಿಯ ಮೇಲಿನ ಡ್ರಿಲ್ ಮೇಷ್ಟ್ರು. ನಿವೃತ್ತಿಯಾದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ವಿಷಯ ಕೇಳಿ, "ಬೆಳಕಿಗೆ ಸತ್ತಿದೆ ಅಂದ್ರೆ ಕತ್ತಲಲ್ಲಿ ಇರುತ್ತೆ. ಇದಕ್ಕೇನು ಶಾಸ್ತ್ರ ಓದ್ಬೇಕಾ? ಎಲ್ಲಿದೆ ಕತ್ತಲು?" ಎಂದರು.

ಗೂಡಿನ ಹಿಂದೆ ಇಳಿಜಾರಿನ ಸುರಂಗವೊಂದು ಗುಹೆಗೆ ಇಳಿದಿತ್ತು. ಹೆಂಡತಿ ಮೊದಲ ಪಿಶಾಚಿಯನ್ನು ಹತ್ತಿಸಿ ತಂದ ದಾರಿ ಅದು.

"ಮೊದ್ಲು ಕಿತ್ತ ಕಲ್ಲು ಮುಚ್ಚು. ಆಮೇಲೆ ಮುಂದೆ ನಡಿ!"

"ಮೇಷ್ಟ್ರೇ, ನನಗೆ ಕೈಕಾಲು ಆಡ್ತಿಲ್ಲ."

"ನಿನ್ನ ಕಾಲು ಯಾರಿಗೆ ಬೇಕೋ? ಬೊಂಬೆ ಕಾಲು ಆಡಿದ್ರೆ ಸಾಕು!"

ಪುಕ್ಕಣ್ಣ ಗುಹೆಗಿಳಿದ. ಪರದೆ ಕಪ್ಪಾಯಿತು. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ಇನ್ನೆಲ್ಲೋ ಮೂಳೆ ಕಟಕಟಿಸುವ ಸದ್ದು. ನೆರಳು ಕಂಡರೆ ಓಡುತ್ತಿದ್ದವನು ಈಗ ನೆರಳುನೆರಳನ್ನೂ ತಡಕಿ ಪಿಶಾಚಿಯನ್ನು ಹುಡುಕುತ್ತಿದ್ದ. ಎಂದೂ ಏನನ್ನೂ ಬೇಡದವನು ಅಂದು ಮೊದಲ ಬಾರಿಗೆ ಬೇಡಿದ: "ತಂದೆ, ಒಂದು ಪಿಶಾಚಿ ಕರುಣಿಸು." ಮನಸಾರೆ ಬೇಡಿದ ಬೇಡಿಕೆ ಅದು. ದೇವರು ತಡಮಾಡಲಿಲ್ಲ. ಎರಡು ಕೊಟ್ಟ.

"ಹಿಂದೆ ತಿರುಗ್! ಓಡು!" ಮೇಷ್ಟ್ರು ಸೀಟಿ ಊದಿದರು. "ಎಡ! ಬಲ! ಅಯ್ಯೋ, ಅದು ಗೋಡೆ ಕಣೋ!"

ಗೋಡೆಗೆ ಡಿಕ್ಕಿ ಹೊಡೆದ ಬೊಂಬೆಯ ಬೆನ್ನಿಗೆ ಒಂದು ಪಿಶಾಚಿ ಬಾರಿಸಿತು. ಪುಕ್ಕಣ್ಣ ಕುರ್ಚಿಯಲ್ಲೇ "ಅಮ್ಮಾ" ಎಂದು ಬೆನ್ನು ಹಿಡಿದುಕೊಂಡ. ಹಾಗೂ ಹೀಗೂ ಸುರಂಗ ಹತ್ತಿ, ಗೂಡಿನೊಳಕ್ಕೆ ನುಗ್ಗಿ, ಪಕ್ಕದ ಕಂಡಿಯಿಂದ ಹೊರಗೆ ಹಾರಿ, ಹಿಂದೆಯೇ ಕಲ್ಲು ಜಡಿದ. ಗಾಜಿನಾಚೆಯ ಹಳ್ಳಿಗರನ್ನು ಕಂಡ ಪಿಶಾಚಿಗಳೆರಡೂ ಅಲ್ಲೇ ನೆಲೆನಿಂತು ಜೋಡಿಯಾಗಿ ಗುರ್ ಎಂದವು. ಹಳ್ಳಿಗರು ಹಿಂದೆಂದೂ ಇಲ್ಲದ ಹಾಗೆ ನಡುಗಿದರು. ದೈತ್ಯ ಬಿದ್ದ. ಮತ್ತೊಬ್ಬ ಬಿದ್ದ.

ಮೇಷ್ಟ್ರು ಅವನ ಬೆನ್ನು ತಟ್ಟಿ, "ಇಷ್ಟು ವರ್ಷ ಡ್ರಿಲ್ ಮಾಡ್ಸಿದೀನಿ, ಹೆದರ್ಕೊಂಡು ಇಷ್ಟು ಚೆನ್ನಾಗಿ ಓಡಿದೋನು ನೀನೊಬ್ನೇ" ಎಂದು ಮೇಲಕ್ಕೆ ಹೋದರು.

ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುವ ಮೊದಲೇ ಪರದೆ ನೋಡಿದಳು. ಪೆಟ್ಟಿಗೆಯಲ್ಲಿ ಕಬ್ಬಿಣ ತುಳುಕುತ್ತಿತ್ತು. ಪುಕ್ಕಣ್ಣ ಬೆಳಗಿನಿಂದ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಹೊಗಳಿಕೆಗೆ ತಲೆ ಬಾಗಿಸಿ ನಿಂತ.

ಹೆಂಡತಿ ಕುಸಿದು ಕೂತಳು.

"ಸರಿ ಮಾಡಿ ಅಂತ ನಿಮಗೆ ಯಾರು ಹೇಳಿದ್ರು?"

"ಅಂದ್ರೆ?"

"ಆ ದೊಡ್ಡಮ್ಮನ್ನ ಕಳಿಸಿದ್ದೇ ನಾನು ಕಣ್ರೀ! 'ಪಾಪ, ಕೂಡಿಹಾಕಿದಾರೆ, ಹೋಗಿ ನೋಡಿ, ನಾನು ಹೇಳ್ದೆ ಅಂತ ಮಾತ್ರ ಬಾಯಿಬಿಡ್ಬೇಡಿ' ಅಂತ ಅಳ್ತಾ ಹೇಳಿದ್ದೆ." ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ದಿನಾ ಅಕ್ಕಂದು ಒಂದೇ ಪಾಠ, ಕಬ್ಬಿಣ ಕಳ್ಸು, ಕಬ್ಬಿಣ ಕಳ್ಸು. ಇಂಜೆಕ್ಷನ್ ಕೊಡೋವಾಗ್ಲೂ ಮೆಸೇಜು. ತೋಟ ಕೆಟ್ಟುಹೋಗಿದ್ರೆ ನಾನು ಬದುಕ್ತಿದ್ದೆ. ನಾನೇ ಕೆಡಿಸಿದ್ರೆ ಅಕ್ಕನ ಮುಂದೆ ಸುಳ್ಳು ಹೇಳೋಕೆ ನನಗೆ ಧೈರ್ಯ ಇಲ್ಲ. ನೀವು ಕೆಡಿಸಿದ್ರೆ ಯಾರು ಅನುಮಾನ ಪಡ್ತಾರೆ? ಇಷ್ಟು ವರ್ಷದಲ್ಲಿ ಒಂದು ಕೆಲ್ಸ ನೆಟ್ಟಗೆ ಮಾಡಿದ್ದೀರಾ? ಅದನ್ನೇ ನಂಬಿದ್ನಲ್ರೀ!"

ತನ್ನ ಹೆಂಡತಿಯೂ ಹೆದರುತ್ತಾಳೆಂಬುದು ಪುಕ್ಕಣ್ಣನಿಗೆ ಹೊಸ ಸಂಗತಿ. ಅವನಿಗೆ ಅವಳ ಮೇಲೆ ಮಮತೆ ಉಕ್ಕಿತು.

"ಅದಕ್ಕೇನಂತೆ, ಈಗ್ಲೇ ಒಂದು ಕಲ್ಲು ಕಿತ್ತುಬಿಡ್ತೀನಿ" ಎಂದು ಕುರ್ಚಿಯಲ್ಲಿ ಕೂತು ಮೌಸಿಗೆ ಕೈ ಹಾಕಿದ.

ಫೋನು ಹೊಡೆದುಕೊಂಡಿತು. ಗಂಡಹೆಂಡಿರಿಬ್ಬರೂ ಒಟ್ಟಿಗೆ ಎದ್ದು ನಿಂತರು.

"ಏನೇ!" ಅಕ್ಕನ ದನಿಗೆ ಕಿಟಕಿಯ ಗಾಜು ಗುಂಯ್‌ಗುಟ್ಟಿತು. "ಗುಹೆ ಬಾಯಲ್ಲಿ ಹಳಿ ಹಾಕ್ತಾ ಎಲ್ಲಾ ನೋಡ್ದೆ! ನೀನು ಆಸ್ಪತ್ರೇಲಿದ್ದೆ, ನಿನ್ ಬೊಂಬೆ ಓಡ್ಸಿದ್ದು ನಿನ್ ಗಂಡಾನೇ ಅಂತ ಗೊತ್ತಾಯ್ತು! ಒಂದು ಪಿಶಾಚಿ ಇದ್ದ ಕಡೆ ಎರಡು! ನಿನ್ ಗಂಡ ಇಂಥ ಗಂಡೆದೆಯೋರು ಅಂತ ಒಂದು ದಿನವಾದ್ರೂ ಹೇಳಿದ್ಯಾ? ಫೋನ್ ಅವ್ರಿಗೆ ಕೊಡು."

ಹೆಂಡತಿ ಬಿಸಿ ಪಾತ್ರೆ ದಾಟಿಸುವ ಹಾಗೆ ಫೋನನ್ನು ಅವನ ಕೈಗೆ ದಾಟಿಸಿದಳು.

"ಅ... ಅಕ್ಕಾವ್ರೇ."

"ನೋಡಿ, ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡ್ತಿದೀನಿ. ಕಂಪ್ಯೂಟರೂ ತರ್ತೀನಿ. ನೀವು ಪಕ್ಕದಲ್ಲಿ ಕೂತು ಇಂಥದೇ ತೋಟ ಇನ್ನಷ್ಟು ಕಟ್ಟಿಕೊಡ್ಬೇಕು. ಹಳಿ ಮುಗಿಯೋವರೆಗೂ ನಾನು ನಿಮ್ಮನೇಲೇ."

ಪುಕ್ಕಣ್ಣ ಗೋಡೆಗೆ ಒರಗಿದ. ಜೀವ ಗಟ್ಟಿಮಾಡಿಕೊಂಡು ಕೇಳಿದ:

"ಹಳಿ... ಎಲ್ಲೀವರೆಗೆ ಹೋಗುತ್ತೆ ಅಕ್ಕಾವ್ರೇ?"

"ಆ ಲೋಕಕ್ಕೆ ಕೊನೇನೇ ಇಲ್ವಂತಲ್ರೀ!" ಎಂದಳು ಅಕ್ಕ, ಬಹಳ ಸಂತೋಷದಿಂದ.